ಹೆಣ್ಣು ನೋಡಲು ಬಂದವರ ಕೈಗೆ ಚೀನೀ ಕಷಾಯ

1999ರ ನವೆಂಬರ್ 20, ಶನಿವಾರ, ಬೆಳಿಗ್ಗೆ ಹತ್ತೂವರೆ. ನ್ಯೂಯಾರ್ಕಿನ ಚೈನಾಟೌನ್‌ನ ಒಂದು ಗಿಡಮೂಲಿಕೆ ಅಂಗಡಿಯಲ್ಲಿ, ಕಾಲು ನೆಲಕ್ಕೆ ತಾಗದ ಸ್ಟೂಲಿನ ಮೇಲೆ ಕುಳಿತು, ಗುರುತು ಪರಿಚಯವಿಲ್ಲದ ಹೆಂಗಸೊಬ್ಬರಿಗೆ ನಾನು ನಾಲಿಗೆ ಚಾಚಿ ತೋರಿಸುತ್ತಿದ್ದೆ. ಹೈಸ್ಕೂಲಿನಿಂದಲೂ ದಿನಚರಿ ಬರೆಯುವವಳು ನಾನು. ಹಾಗಾಗಿ ತಾರೀಖು, ವೇಳೆಯಲ್ಲಿ ತಪ್ಪಿಲ್ಲ.

ಆಗ ನನಗೆ ಇಪ್ಪತ್ತೈದು ವರ್ಷ. ಅದರ ಹಿಂದಿನ ವರ್ಷ ಧಾರವಾಡದಿಂದ ನ್ಯೂಜೆರ್ಸಿಗೆ ಬಂದು, ಪ್ಲೇನ್ಸ್‌ಬರೋದಲ್ಲಿ ಅಣ್ಣ ಮತ್ತು ವೈನಿಯ ಜೊತೆ ಇದ್ದೆ. ವೈನಿ ಎಂದರೆ ಅಣ್ಣನ ಹೆಂಡತಿ, ಹೆಸರು ಸುಧಾ. ನನ್ನ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಹೊಸ ಶತಮಾನ ಹುಟ್ಟುವ ಘಳಿಗೆಯಲ್ಲಿ ಕಂಪ್ಯೂಟರುಗಳೆಲ್ಲ ಕೈಕೊಡುತ್ತವೆ ಎಂದು ಜಗತ್ತು ಹೆದರಿ ಕುಳಿತಿದ್ದ ಕಾಲ ಅದು. ನಮಗೆ ಭಾನುವಾರಕ್ಕೂ ಸೋಮವಾರಕ್ಕೂ ವ್ಯತ್ಯಾಸವಿರಲಿಲ್ಲ.

ಆಸ್ತಮಾ ನನಗೆ ಚಿಕ್ಕಂದಿನಿಂದಲೂ ಇತ್ತು. ಧಾರವಾಡದಲ್ಲಿ ಅದು ಜುಲೈನಲ್ಲಿ ಬಂದು ಸೆಪ್ಟೆಂಬರಿನಲ್ಲಿ ಹೋಗುವ ನೆಂಟ. ಇಲ್ಲಿಯ ಮೊದಲ ಚಳಿಗಾಲದಲ್ಲಿ, ಮುಚ್ಚಿದ ಕಿಟಕಿ, ಹೀಟರಿನ ಒಣ ಗಾಳಿ, ಗೋಡೆಯಿಂದ ಗೋಡೆಗೆ ಹಾಸಿದ ಕಾರ್ಪೆಟ್ಟಿನ ನಡುವೆ ಅದು ಕೆಮ್ಮಾಗಿ ಬಂದು ಮನೆಯವರಂತೆ ಉಳಿದುಬಿಟ್ಟಿತು. ಉಬ್ಬಸಕ್ಕಿಂತ ಕೆಮ್ಮೇ ಹೆಚ್ಚು. ಬರಿಯ ಒಣ ಕೆಮ್ಮು, ಒಮ್ಮೆ ಹಿಡಿದರೆ ಪಕ್ಕೆಲುಬು ನೋಯುವವರೆಗೂ ಬಿಡುತ್ತಿರಲಿಲ್ಲ. ಮೀಟಿಂಗಿನಲ್ಲಿ ನಾನು ಬಾಯಿ ತೆರೆದರೆ ಯಾರಾದರೊಬ್ಬರು ಕೆಮ್ಮಿನ ಮಿಠಾಯಿಯ ಡಬ್ಬಿಯನ್ನು ಟೇಬಲ್ಲಿನ ಮೇಲೆ ನನ್ನ ಕಡೆ ಸರಿಸುತ್ತಿದ್ದರು. ದಯೆಯಿಂದಲೇ ಸರಿಸುತ್ತಿದ್ದರು. ಆದರೂ ನನಗೆ ಮೈ ಉರಿಯುತ್ತಿತ್ತು.

ಡಾಕ್ಟರು ಎರಡು ಇನ್‌ಹೇಲರ್ ಕೊಟ್ಟಿದ್ದರು. ಒಂದು ದಿನಾ ಎರಡು ಹೊತ್ತು ತೆಗೆದುಕೊಳ್ಳುವುದು, ಇನ್ನೊಂದು ಉಸಿರು ಕಟ್ಟಿದಾಗ ಮಾತ್ರ. ದಿನದ್ದನ್ನು ತೆಗೆದುಕೊಂಡರೆ ಜನ್ಮಪೂರ್ತಿ ಅಂಟಿಕೊಳ್ಳುತ್ತದೆ ಎಂದು ವೈನಿ ಹೆದರಿಸಿದ್ದರಿಂದ ಅದನ್ನು ನೆನಪಾದಾಗ ತೆಗೆದುಕೊಳ್ಳುತ್ತಿದ್ದೆ. ಎರಡನೆಯದನ್ನು ಮಾತ್ರ ಕೇಳುವವರಿಲ್ಲದ ಹಾಗೆ ಬಳಸುತ್ತಿದ್ದೆ. ಆ ಅಕ್ಟೋಬರಿನಲ್ಲಿ ಕೆಮ್ಮಿನಿಂದ ಎದ್ದು ಕುಳಿತ ರಾತ್ರಿಗಳು ಹದಿನೇಳು ಎಂದು ನನ್ನ ಲೆಕ್ಕದಲ್ಲಿದೆ.

ಅದೇ ಅಕ್ಟೋಬರಿನಲ್ಲಿ ಒಂದು ಸಂಬಂಧ ಬಂತು. ಹುಡುಗ ಪ್ರಸನ್ನ, ಹೋಬೋಕನ್‌ನಲ್ಲಿ ಮನೆ, ಮ್ಯಾನ್‌ಹಟನ್‌ನಲ್ಲಿ ಕೆಲಸ. ಅವನ ತಾಯಿ ವಿಶಾಲಾಕ್ಷಿ ಬೆಂಗಳೂರಿನಿಂದ ಡಿಸೆಂಬರಿನಲ್ಲಿ ಬರುವವರಿದ್ದರು. ಅವರು ಬಂದ ಮೇಲೆ ಹೆಣ್ಣು ನೋಡುವ ಶಾಸ್ತ್ರ ಎಂದು ಫೋನಿನಲ್ಲೇ ನಿಶ್ಚಯವಾಯಿತು. ಕೆಮ್ಮಿನ ವಿಷಯ ಹೇಳುವುದು ಬೇಡ ಎಂದು ಅಣ್ಣ ಅಂದ. ಆಸ್ತಮಾ ಅಂತ ಮೊದಲೇ ಅಂದರೆ ಯಾರೂ ಬಾಗಿಲು ದಾಟಿ ಒಳಗೆ ಬರುವುದಿಲ್ಲ, ಮದುವೆಯಾದ ಮೇಲೆ ನಿಧಾನವಾಗಿ ತಾನೇ ಗೊತ್ತಾಗುತ್ತದೆ, ಎಷ್ಟು ಮನೆಗಳಲ್ಲಿ ಹಾಗೇ ಆಗಿಲ್ಲ ಎಂಬುದು ಅವನ ವಾದ. ನಾನು ಜಗಳವಾಡಿದೆ. ಕೊನೆಗೆ ನಾನಾಗಿ ಹೇಳುವುದಿಲ್ಲ, ಯಾರಾದರೂ ಕೇಳಿದರೆ ಸುಳ್ಳು ಹೇಳುವುದಿಲ್ಲ ಎಂಬಲ್ಲಿಗೆ ಬಂದು ನಿಂತಿತು. ಆ ಒಪ್ಪಂದ ನನಗೆ ಗಂಟಲಲ್ಲಿ ಮುಳ್ಳು ಸಿಕ್ಕಿದ ಹಾಗೇ ಇತ್ತು.

ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನ ಲಿಲಿ ತೈವಾನಿನವಳು. ದಿನವಿಡೀ ನನ್ನ ಕೆಮ್ಮು ಕೇಳಿ ಕೇಳಿ ಅವಳಿಗೆ ಸಾಕಾಗಿರಬೇಕು. ಚಿಕ್ಕವಳಿದ್ದಾಗ ತನಗೂ ಇದೇ ಇತ್ತು, ಅಜ್ಜಿ ಬೇರು ನಾರು ಕುದಿಸಿ ಕುಡಿಸಿ ಕಡಿಮೆ ಮಾಡಿದರು ಎಂದು ಹೇಳಿ, ಆ ಶನಿವಾರ ತಾನೇ ನನ್ನನ್ನು ಚೈನಾಟೌನಿಗೆ ಕರೆದುಕೊಂಡು ಹೋದಳು.

ಅಂಗಡಿಯ ವೈದ್ಯೆ ಎರಡೂ ಕೈಯ ನಾಡಿ ಹಿಡಿದರು. ಒಂದೊಂದು ಕೈಯಲ್ಲೂ ಬಹಳ ಹೊತ್ತು ಬೆರಳಿಟ್ಟುಕೊಂಡು ಕಣ್ಣು ಮುಚ್ಚಿದರು. ಕೆಮ್ಮು ಬೆಳಗಿನ ಜಾವ ಹೆಚ್ಚೋ, ಮಲಗಿದ ಕೂಡಲೇ ಹೆಚ್ಚೋ, ಕಫದ ಬಣ್ಣವೇನು, ಬಿ.ಪಿ. ಇದೆಯೇ, ಎದೆ ಬಡಿದುಕೊಳ್ಳುತ್ತದೆಯೇ ಎಂದೆಲ್ಲ ಲಿಲಿಯ ಬಾಯಿಂದ ಕೇಳಿಸಿದರು. ಏನು ತಿನ್ನುತ್ತೀ ಎಂದಾಗ ಮೊಸರನ್ನ ಅಂದೆ. ಲಿಲಿ ಅದನ್ನು ವಿವರಿಸಲು ಸಾಕಷ್ಟು ಹೊತ್ತು ತೆಗೆದುಕೊಂಡಳು. ವೈದ್ಯೆ ನನ್ನನ್ನು ಪಾಪ ಎನ್ನುವಂತೆ ನೋಡಿದರು. ಮೊಸರು, ಬಾಳೆಹಣ್ಣು, ತಣ್ಣೀರು ಮೂರನ್ನೂ ಬಿಡಬೇಕಂತೆ.

ಆಮೇಲೆ ಡ್ರಾಯರುಗಳಿಂದ ಸಾಮಾನು ತೆಗೆದು ಕಾಗದದ ಮೇಲೆ ಪಾಲು ಹಾಕತೊಡಗಿದರು. ಪೊರಕೆ ಕಡ್ಡಿಯಂಥ ಸಣ್ಣ ಹಸಿರು ಕಡ್ಡಿಗಳು. ಬಾದಾಮಿಯನ್ನು ಹೋಲುವ ಕಹಿ ಬೀಜ. ಜ್ಯೇಷ್ಠಮಧುವನ್ನು ನೋಡಿದ ಕೂಡಲೇ ಗುರುತು ಹಿಡಿದೆ. ಕೊನೆಗೆ ಒಣಗಿದ ಬಾಳೆಯ ನಾರಿನಂತೆ ಕಂದು ಬಣ್ಣದ ಪಟ್ಟಿಗಳು ಬಂದವು. ಇದು ಯಾವ ಬೇರು ಎಂದು ಕೇಳಿದೆ. ಲಿಲಿ ನನ್ನ ಮುಖ ನೋಡಿದಳು. ನಾನು ಮೊಟ್ಟೆಯನ್ನೂ ಮುಟ್ಟದವಳು ಎಂದು ಅವಳಿಗೆ ಗೊತ್ತಿತ್ತು. ಬೇರಲ್ಲ, ಎರೆಹುಳ, ಉಸಿರಾಟಕ್ಕೆ ಇದೇ ಮುಖ್ಯ ಎಂದಳು.

ನಮ್ಮ ಮನೆಯಲ್ಲಿ ಮೊಟ್ಟೆ ಹಾಕಿದ ಕೇಕನ್ನು ತರಿಸಿದರೆ ಬಾಲ್ಕನಿಯಲ್ಲಿ ನಿಂತು ತಿನ್ನಬೇಕು. ಅಂಥ ಮನೆಯಿಂದ ಬಂದ ನಾನು ಅಲ್ಲಿ ಕುಳಿತು ಹದಿನೇಳು ರಾತ್ರಿಗಳನ್ನು ನೆನೆದೆ. ಕಟ್ಟಿಕೊಡಿ ಅಂದೆ.

ಹೊರಡುವಾಗ ವೈದ್ಯೆ ಲಿಲಿಯ ಮೂಲಕ ಮೂರು ಮಾತು ಹೇಳಿದರು. ಮಣ್ಣಿನ ಮಡಕೆಯಲ್ಲೇ ಕುದಿಸಬೇಕು. ಡಾಕ್ಟರು ಕೊಟ್ಟದ್ದನ್ನು ನಿಲ್ಲಿಸಬಾರದು, ಇದನ್ನು ಕುಡಿಯುತ್ತಿರುವುದನ್ನು ಅವರಿಗೂ ತಿಳಿಸಬೇಕು. ಇದು ನಿನ್ನ ನಾಡಿ ನೋಡಿ ಕಟ್ಟಿದ್ದು, ಇನ್ನೊಬ್ಬರಿಗೆ ಕೊಡಬಾರದು, ಬಿ.ಪಿ., ಹೃದಯದ ತೊಂದರೆ ಇದ್ದವರು ಮುಟ್ಟಲೂಬಾರದು, ಆ ಹಸಿರು ಕಡ್ಡಿ ಅಂಥವರ ಎದೆ ಬಡಿತ ಏರಿಸಿಬಿಡುತ್ತದೆ.

ಮೂರನೆಯ ಮಾತನ್ನು ಮನೆಗೆ ಬಂದು ವೈನಿಗೆ ಹೇಳಿದೆ. ಎರೆಹುಳದ ಮಾತು ಹೇಳಲಿಲ್ಲ. ಹೇಳಿದ್ದರೆ ಮಡಕೆ ಆ ದಿನವೇ ಕಸದ ಡಬ್ಬಿ ಸೇರುತ್ತಿತ್ತು. ವೈನಿ ಮಡಕೆಗೆ ಮೂಗು ಹಿಡಿದು, ಕಷಾಯ ಅಂದರೆ ಕಷಾಯ, ಅದರಲ್ಲಿ ನಿಂದು ನಂದು ಏನು ಬಂತು, ಇಷ್ಟು ಕಹಿಗೆ ಒಂದಿಷ್ಟು ಬೆಲ್ಲ ಹಾಲು ಹಾಕಿದರೆ ನಾಲ್ಕು ಜನ ಕುಡಿಯಬಹುದು ಎಂದರು. ನಮ್ಮಲ್ಲಿ ಕಷಾಯ ಯಾವತ್ತೂ ಒಬ್ಬರದಲ್ಲ. ಒಬ್ಬರಿಗೆ ನೆಗಡಿಯಾದರೆ ಮನೆಗೆಲ್ಲ ಕುದಿಯುತ್ತದೆ, ಬಾಗಿಲಿಗೆ ಬಂದವರಿಗೂ ಒಂದು ಲೋಟ. ಅದು ಔಷಧ ಅಂತ ನಮಗೆ ಅನ್ನಿಸುವುದೇ ಇಲ್ಲ.

ಡಿಸೆಂಬರ್ 12, ಭಾನುವಾರ, ಮಧ್ಯಾಹ್ನ ನಾಲ್ಕು ಗಂಟೆಗೆ ಅವರು ಬಂದರು. ಪ್ರಸನ್ನ ಮತ್ತು ಅವನ ತಾಯಿ ಇಬ್ಬರೇ. ವೈನಿ ಮೊದಲೇ ನನಗೆ ಕೆಮ್ಮಿನ ಸಿರಪ್ ಎರಡು ಚಮಚೆ ಕುಡಿಸಿ, ಇನ್‌ಹೇಲರ್‌ಗಳನ್ನು ಬಾತ್‌ರೂಮಿನ ಕಪಾಟಿನಲ್ಲಿಟ್ಟು ಬಾಗಿಲು ಹಾಕಿದ್ದರು. ನಾನು ಸೀರೆ ಉಟ್ಟಿದ್ದೆ. ಉಪ್ಪಿಟ್ಟು, ಕೇಸರಿಬಾತ್, ಚಕ್ಕುಲಿ. ವಿಶಾಲಾಕ್ಷಿ ಆಂಟಿ ಚಕ್ಕುಲಿಯನ್ನು ಕೈಗೆತ್ತಿಕೊಂಡು ಮತ್ತೆ ತಟ್ಟೆಯಲ್ಲಿಟ್ಟರು. ಉಪ್ಪು ಕಡಿಮೆ ಮಾಡಿದ್ದಾರಂತೆ. ಬಿ.ಪಿ. ಬಂದು ಆರು ವರ್ಷವಾಯಿತು, ಬೆಳಿಗ್ಗೆ ಸಂಜೆ ಮಾತ್ರೆ ಎಂದು ಅವರೇ ಹೇಳಿದರು. ನೋಡಿ, ತಮ್ಮ ಕಾಯಿಲೆಯನ್ನು ಅವರು ಎಷ್ಟು ಸಲೀಸಾಗಿ ಹೇಳಿದರು ಅನ್ನಿಸಿತು ನನಗೆ. ವಯಸ್ಸಾದವರ ಬಿ.ಪಿ.ಗೆ ನಾಚಿಕೆಯಿಲ್ಲ. ಹುಡುಗಿಯ ಆಸ್ತಮಾಕ್ಕೆ ಕಪಾಟು.

ಮಾತು ಚೆನ್ನಾಗಿಯೇ ನಡೆದಿತ್ತು. ಪ್ರಸನ್ನ ನನ್ನ ಪ್ರಾಜೆಕ್ಟಿನ ಬಗ್ಗೆ ಕೇಳಿದ. ಆಂಟಿ ಹಾಡು ಬರುತ್ತದೆಯೇ ಎಂದರು. ಇಲ್ಲ ಎಂದೆ, ಅವರು ನಕ್ಕರು. ವಿಮಾನದಲ್ಲಿ ಬಂದಾಗಿನಿಂದ ಅವರಿಗೆ ಗಂಟಲು ಕೆಟ್ಟಿತ್ತು. ನಡುನಡುವೆ ಸೆರಗಿನಿಂದ ಬಾಯಿ ಮುಚ್ಚಿ ಕೆಮ್ಮುತ್ತಿದ್ದರು. ಹೆಣ್ಣಿನ ಕಡೆ ಕೆಮ್ಮು ಅಡಗಿಸಿಟ್ಟು ಕುಳಿತಿದ್ದರೆ ಗಂಡಿನ ಕಡೆಯವರೇ ಕೆಮ್ಮುತ್ತಿದ್ದಾರಲ್ಲ ಎಂದು ನನಗೆ ಒಳಗೊಳಗೇ ನಗು. ಅಷ್ಟರಲ್ಲಿ ಅವರು ಮೂಗರಳಿಸಿ, ಏನೋ ಕಷಾಯದ ವಾಸನೆ ಬರುತ್ತಿದೆಯಲ್ಲ, ಯಾರಿಗೆ ಹುಷಾರಿಲ್ಲ ಎಂದು ಕೇಳಿದರು.

ಆ ಪ್ರಶ್ನೆ ನನಗೇ ಬಂದಿದ್ದು. ನಾನು ಬಾಯಿ ತೆರೆಯುವಷ್ಟರಲ್ಲಿ ವೈನಿ ಉತ್ತರ ಕೊಟ್ಟಾಗಿತ್ತು. ಬೆಂಗಳೂರಿನವರ ಎದುರು ವೈನಿಯ ಕನ್ನಡವೇ ಬದಲಾಗುತ್ತದೆ.

"ಯಾರಿಗೂ ಏನೂ ಆಗಿಲ್ಲ ಆಂಟಿ. ನಮ್ಮ ಕಡೆ ಚಳಿಗಾಲಕ್ಕೆ ಇದನ್ನ ಮಾಡ್ತೀವಿ. ನಮ್ಮತ್ತೆ ಹೇಳಿಕೊಟ್ಟಿದ್ದು."

"ಹಾಗಾದ್ರೆ ನನಗೂ ಒಂದು ಲೋಟ ಕೊಡಮ್ಮ, ಪುಣ್ಯ ಬರುತ್ತೆ. ಇಲ್ಲಿ ಬಂದಾಗಿಂದ ಮನೆ ಕಷಾಯ ಅಂತ ಬಾಯಿಗೆ ಬಿದ್ದಿಲ್ಲ."

ಕೇಳಿದವರಿಗೆ ಇಲ್ಲ ಅನ್ನುವುದು ವೈನಿಯ ಹುಟ್ಟುಗುಣದಲ್ಲೇ ಇಲ್ಲ, ಅದರಲ್ಲೂ ಗಂಡಿನ ತಾಯಿಗೆ. ಅಡುಗೆ ಮನೆಗೆ ಹೋದರು. ಬರಿಯ ಕಾಫಿಯನ್ನೇ ತರುತ್ತಾರೇನೋ, ಇಲ್ಲವೆ ಶುಂಠಿ ಹಾಕಿ ಬೇರೆ ಏನಾದರೂ ಮಾಡುತ್ತಾರೇನೋ ಎಂದು ನಾನು ಕಾದೆ. ಎದ್ದು ಹೋಗುವಂತಿರಲಿಲ್ಲ, ಆಂಟಿ ನನ್ನ ಅಮ್ಮನ ತವರು ಯಾವುದೆಂದು ಕೇಳುತ್ತಿದ್ದರು. ಹೇಳುತ್ತಲೇ ಇದ್ದೆ, ಕಿವಿ ಮಾತ್ರ ಒಳಗಿತ್ತು. ಹಾಲು ಉಕ್ಕುವ ಸದ್ದು, ಬೆಲ್ಲ ಕುಟ್ಟುವ ಸದ್ದು. ಟ್ರೇ ಬಂತು. ಸ್ಟೀಲಿನ ಲೋಟ, ಮೇಲೆ ನೊರೆ, ಕೆಳಗೆ ನನಗೆ ಚೆನ್ನಾಗಿ ಪರಿಚಯವಿದ್ದ ಆ ಕಪ್ಪು ವಾಸನೆ.

ಆಂಟಿ ಲೋಟ ತೆಗೆದುಕೊಂಡು ಸೆರಗಿನಲ್ಲಿ ಹಿಡಿದು ಊದಿದರು. ತುಟಿಯ ಹತ್ತಿರ ಒಯ್ದರು. ನಾನು ಎದ್ದು ಎರಡೇ ಹೆಜ್ಜೆಯಲ್ಲಿ ಹೋಗಿ ಅವರ ಕೈ ಹಿಡಿದೆ. ಒಂದಿಷ್ಟು ಚೆಲ್ಲಿ ಅವರ ರೇಷ್ಮೆ ಸೀರೆಯ ಮೇಲೆ ಬಿತ್ತು.

"ಕುಡೀಬ್ಯಾಡ್ರಿ ಆಂಟಿ."

ಎಲ್ಲರೂ ನನ್ನನ್ನು ನೋಡಿದರು. ಅಣ್ಣ ತಕ್ಷಣ ಸಾವರಿಸಿಕೊಂಡ. ಭಾಳ ಬಿಸಿ ಐತಿ ಅಂತ ಹೇಳಾಕತ್ತಾಳ, ಆರಿಸಿ ತಂದುಕೊಡು ಹೋಗು ಎಂದು ನನ್ನತ್ತ ಕಣ್ಣು ಮಾಡಿದ. ಆ ಕಣ್ಣಿನ ಅರ್ಥ ನನಗೆ ತಿಳಿಯಿತು. ಲೋಟವನ್ನು ಒಳಗೆ ಒಯ್ದು ಸಿಂಕಿಗೆ ಸುರಿದು, ಬದಲಿಗೆ ಶುಂಠಿ ಚಹಾ ತಂದಿಟ್ಟರೆ ಆಂಟಿಯ ಜೀವಕ್ಕೂ ಭಯವಿಲ್ಲ, ಸಂಬಂಧವೂ ಉಳಿಯುತ್ತಿತ್ತು. ದಾರಿ ಅಷ್ಟು ಸುಲಭವಾಗಿತ್ತು. ಆದರೆ ನನ್ನ ಔಷಧವನ್ನು ನಮ್ಮಮ್ಮನ ಮನೆ ಕಷಾಯ ಮಾಡಿ, ನನ್ನ ಉಸಿರನ್ನು ಕಪಾಟಿನಲ್ಲಿಟ್ಟು ಬಾಗಿಲು ಹಾಕಿ, ಈಗ ಇನ್ನೊಬ್ಬರ ಎದೆಗೂ ಕೈಹಾಕಿದ ಮೇಲೆ ಮತ್ತೊಂದು ಸುಳ್ಳಿಗೆ ಟ್ರೇ ಹಿಡಿಯಲು ನನ್ನಿಂದ ಆಗಲಿಲ್ಲ.

"ಬಿಸಿಗಲ್ಲ. ಇದು ನನ್ನ ಔಷಧ. ನನಗ ಆಸ್ತಮಾ ಐತಿ, ಸಣ್ಣಾಕಿದ್ದಾಗಿಂದ. ಇದರಾಗಿನ ಒಂದು ಕಡ್ಡಿ ಬಿ.ಪಿ. ಇದ್ದವರಿಗೆ ಅಪಾಯ. ಇನ್ನೊಂದು ಮಾತು, ಇದರಾಗ ಒಣಗಿದ ಎರೆಹುಳ ಅದಾವು."

ಆಂಟಿ ಲೋಟವನ್ನು ಟೀಪಾಯಿಯ ಮೇಲೆ ಇಟ್ಟರು. ಇಟ್ಟ ಮೇಲೆ ಅದನ್ನು ಇನ್ನೂ ಒಂದಿಷ್ಟು ದೂರ ಸರಿಸಿದರು. ಆಗಲೇ, ಇಷ್ಟು ಹೊತ್ತು ತಡೆದಿಟ್ಟ ಕೆಮ್ಮು ನನ್ನನ್ನು ಹಿಡಿಯಿತು. ಬಾಯಿಗೆ ಸೆರಗು ಹಿಡಿಯಲಿಲ್ಲ, ಒಳಗೆ ಓಡಲಿಲ್ಲ. ಹಜಾರದ ನಡುವೆ ನಿಂತು ಕೆಮ್ಮಿದೆ. ಆಮೇಲೆ ಬಾತ್‌ರೂಮಿಗೆ ಹೋಗಿ ಇನ್‌ಹೇಲರ್ ತಂದು, ಅವರೆಲ್ಲರ ಎದುರೇ ಎರಡು ಸಲ ಒಳಗೆಳೆದುಕೊಂಡು, ಅದನ್ನು ಕೇಸರಿಬಾತಿನ ಪಕ್ಕದಲ್ಲಿಟ್ಟು ಕುಳಿತೆ.

ವಿಶಾಲಾಕ್ಷಿ ಆಂಟಿಯ ಬಗ್ಗೆ ನ್ಯಾಯವಾಗಿ ಹೇಳಬೇಕು. ಅವರು ಕೂಗಾಡಲಿಲ್ಲ. ಸೀರೆಯ ಕಲೆಯನ್ನು ಕರವಸ್ತ್ರದಿಂದ ಒರೆಸುತ್ತಾ ನಿಧಾನವಾಗಿ, "ಕೈ ಹಿಡಿದದ್ದು ಒಳ್ಳೇದೇ ಆಯ್ತಮ್ಮ. ಆದ್ರೆ ಆಸ್ತಮಾ ವಿಷಯ ಫೋನಲ್ಲೇ ಹೇಳಬಹುದಿತ್ತು" ಎಂದರು.

"ಹೌದ್ರಿ, ಹೇಳಬೇಕಾಗಿತ್ತು" ಅಂದೆ. ಅಣ್ಣ ನೆಲ ನೋಡುತ್ತಿದ್ದ.

ಅವರು ಐದು ಗಂಟೆಯ ಒಳಗೇ ಹೊರಟರು. ಪಾರ್ಕಿಂಗ್ ಲಾಟಿನವರೆಗೆ ಬಿಡಲು ಹೋದೆ. ತಾಯಿ ಕಾರಿನಲ್ಲಿ ಕುಳಿತ ಮೇಲೆ ಪ್ರಸನ್ನ ಹಿಂದಕ್ಕೆ ಬಂದು, "ನಂಗೇನೂ ಪ್ರಾಬ್ಲಂ ಇಲ್ಲ, ಅಮ್ಮ ಒಪ್ಪಬೇಕು ಅಷ್ಟೆ" ಎಂದ.

"ಹಂಗಾದ್ರ ಪ್ರಾಬ್ಲಂ ಐತಿ" ಅಂದೆ. ಅವನು ನಕ್ಕ. ಕೆಟ್ಟವನಲ್ಲ. ಮತ್ತೆ ಫೋನು ಬರಲಿಲ್ಲ.

ಒಳಗೆ ಬಂದಾಗ ವೈನಿ ಹಾಲು ಕಾಯಿಸಿದ ಪಾತ್ರೆ, ಸೌಟು, ಸೋಸಣಿಗೆ, ಆ ಲೋಟ ಎಲ್ಲವನ್ನೂ ಪ್ಲಾಸ್ಟಿಕ್ ಚೀಲಕ್ಕೆ ಹಾಕುತ್ತಿದ್ದರು. ಕಣ್ಣಲ್ಲಿ ನೀರು. "ನನ್ನ ಅಡಿಗಿ ಮನ್ಯಾಗ ಹುಳ ಕುದಿಸಿದೇನ, ಮೂರು ವಾರ?" ಎಂದು ಕೇಳಿದರು. ಅದು ನನ್ನ ತಪ್ಪೆಂದು ಒಪ್ಪಿಕೊಂಡೆ, ಈಗಲೂ ಒಪ್ಪುತ್ತೇನೆ. ಹೊಸ ಪಾತ್ರೆಗಳನ್ನು ತಂದುಕೊಟ್ಟೆ. ಆದರೆ ಉಳಿದದ್ದಕ್ಕೆ ನಾನು ಕ್ಷಮೆ ಕೇಳಲಿಲ್ಲ. ಬಂದ ಸಂಬಂಧವನ್ನು ಕೈಯಾರೆ ಕೆಡಿಸಿಕೊಂಡೆ ಎಂದು ವೈನಿ ಎಷ್ಟು ಸಲ ಅಂದರೂ ಕೇಳಲಿಲ್ಲ. ಕೆಮ್ಮುವುದಕ್ಕೆ ಒಪ್ಪಿಗೆ ಪಡೆಯಬೇಕಾದ ಮನೆಗೆ ನಾನು ಹೋಗಿ ಏನು ಮಾಡಲಿ ಎಂದೆ. ಅಣ್ಣ ಬಹಳ ಹೊತ್ತಿನ ಮೇಲೆ ಬಂದು, "ಫೋನಿನ್ಯಾಗ ಹೇಳಬ್ಯಾಡ ಅಂದಾಂವ ನಾನು, ಆಕಿಗೆ ಯಾಕ ಅಂತೀ" ಎಂದು ವೈನಿಗೆ ಹೇಳಿದ. ಅಷ್ಟು ಸಾಕಾಯಿತು ನನಗೆ.

ಸುದ್ದಿ ನಮಗಿಂತ ಮೊದಲೇ ಊರು ತಿರುಗಿತು. ಕ್ರಿಸ್‌ಮಸ್ ರಜೆಯ ಹೊತ್ತಿಗೆ ನಮ್ಮ ಅಪಾರ್ಟ್‌ಮೆಂಟಿನ ಆಂಟಿಯರ ಬಾಯಲ್ಲಿ ನಾನು ಹುಳದ ಕಷಾಯದ ಹುಡುಗಿ. ಹೊಸ ವರ್ಷದ ಊಟಕ್ಕೆ ಒಂದೊಂದು ಮನೆಯವರು ಒಂದೊಂದು ಅಡುಗೆ ತರಬೇಕಿತ್ತು. ನಾನು ಪುಳಿಯೋಗರೆ ಮಾಡಿಕೊಂಡು ಹೋದೆ. ಇಬ್ಬರು ಆಂಟಿಯರು ಚಮಚೆ ಹಿಡಿದು ಹಿಂದೆಮುಂದೆ ನೋಡುತ್ತಿದ್ದರು. "ತಗೋರಿ ಆಂಟಿ, ಇದರಾಗ ಹುಳ ಇಲ್ಲ, ಶೇಂಗಾ ಅಷ್ಟ ಅದಾವು" ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಪುಳಿಯೋಗರೆ ಖಾಲಿಯಾಯಿತು. ಅದೇ ಊಟದಲ್ಲಿ ಒಬ್ಬರು ನನ್ನನ್ನು ಬಾಲ್ಕನಿಗೆ ಕರೆದು, ತಮ್ಮ ಮಗಳಿಗೂ ಇದೇ ಕೆಮ್ಮು, ಯಾರಿಗೂ ಹೇಳಿಲ್ಲ, ಆ ಅಂಗಡಿ ಎಲ್ಲಿದೆ ಎಂದು ಕೇಳಿದರು. ಮೊದಲು ಡಾಕ್ಟರಿಗೆ ತೋರಿಸಿ, ಆಮೇಲೆ ಎಲ್ಲರಿಗೂ ಹೇಳಿ, ಅಂಗಡಿ ಮೂರನೆಯದು ಎಂದೆ.

ನಾನೂ ನನ್ನ ಡಾಕ್ಟರಿಗೆ ಹೇಳಿದ್ದು ಆ ಜನವರಿಯಲ್ಲೇ. ಅಂಗಡಿಯಲ್ಲಿ ಸಾಮಾನಿನ ಹೆಸರು ಬರೆದುಕೊಟ್ಟಿದ್ದ ಚೀಟಿ ನೋಡಿ ಅವರು ಸಿಟ್ಟಾದರು. ಆ ಹಸಿರು ಕಡ್ಡಿ, ನಾನು ಲೆಕ್ಕವಿಲ್ಲದೆ ಬಳಸುತ್ತಿದ್ದ ಇನ್‌ಹೇಲರ್ ಎರಡೂ ಎದೆ ಬಡಿತ ಏರಿಸುವಂಥವು, ಒಟ್ಟಿಗೆ ಸೇರಿದರೆ ನಿನಗೇ ಅಪಾಯವಾಗಬಹುದಿತ್ತು ಎಂದರು. ಕೈ ನಡುಗಿತು ಎಂದು ಡಿಸೆಂಬರಿನ ದಿನಚರಿಯಲ್ಲಿ ನಾಲ್ಕು ಕಡೆ ಬರೆದಿಟ್ಟಿದ್ದೆ, ಚಳಿಗೆ ಅಂದುಕೊಂಡಿದ್ದೆ. ದಿನದ ಇನ್‌ಹೇಲರ್ ತಪ್ಪಿಸಕೂಡದು ಎಂದು ಹೇಳಿ, ಅದನ್ನು ಎಳೆದುಕೊಳ್ಳುವ ಸರಿಯಾದ ಕ್ರಮವನ್ನೂ ಮತ್ತೆ ತೋರಿಸಿದರು. ಲಿಲಿಯನ್ನು ಕರೆದುಕೊಂಡು ಮತ್ತೆ ಅಂಗಡಿಗೆ ಹೋಗಿ, ಆ ಕಡ್ಡಿ ಬೇಡ, ಹುಳವೂ ಬೇಡ, ಉಳಿದದ್ದು ಕೊಡಿ ಎಂದೆ. ಹಾಗಾದರೆ ಅದು ಬರೀ ಸಾರು ಎಂದು ವೈದ್ಯೆ ಗೊಣಗಿದರಂತೆ. ಆ ಸಾರನ್ನೇ, ಡಾಕ್ಟರಿಗೆ ತೋರಿಸಿ ಒಪ್ಪಿಗೆ ಪಡೆದು, ಮಾರ್ಚ್ ಮುಗಿಯುವವರೆಗೂ ಕುಡಿದೆ. ಎಪ್ರಿಲ್‌ನಲ್ಲಿ ಹೋಬೋಕನ್‌ನಲ್ಲಿ ಕಾರ್ಪೆಟ್ ಇಲ್ಲದ, ಮರದ ನೆಲದ ಒಂದು ಕೋಣೆ ಹಿಡಿದೆ. ವೈನಿಗೆ ನನ್ನ ಮೇಲಿನ ಸಿಟ್ಟು ಅಷ್ಟರಲ್ಲಿ ಇಳಿದಿತ್ತು. ಸಾಮಾನು ಕಟ್ಟಿಕೊಟ್ಟವರೂ ಅವರೇ.

ಈಗ 2001. ಕಳೆದ ಚಳಿಗಾಲದಲ್ಲಿ ಕೆಮ್ಮಿಗೆ ಎದ್ದ ರಾತ್ರಿಗಳು, ಎಲ್ಲಾ ತಿಂಗಳೂ ಸೇರಿ, ಆರು. ಯಾವುದರಿಂದ ಇಳಿಯಿತು ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಒಂದು ದೋಷ ಹುಡುಕುವಾಗ ಒಮ್ಮೆಗೆ ಒಂದನ್ನೇ ಬದಲಿಸಬೇಕು ಎಂಬುದು ನನ್ನ ಕೆಲಸದ ಮೊದಲ ಪಾಠ. ನಾನು ಇನ್‌ಹೇಲರ್, ಸಾರು, ಕಾರ್ಪೆಟ್, ರಾತ್ರಿಯ ಮೊಸರು ಎಲ್ಲವನ್ನೂ ಒಟ್ಟಿಗೆ ಬದಲಿಸಿ ಲೆಕ್ಕ ಕೆಡಿಸಿಕೊಂಡೆ. ಮಧ್ಯಾಹ್ನದ ಮೊಸರನ್ನ ಮಾತ್ರ ಬಿಟ್ಟಿಲ್ಲ, ಬಿಡುವುದೂ ಇಲ್ಲ.

ಮನೆಯಲ್ಲಿ ಇನ್ನೂ ಸಂಬಂಧ ಹುಡುಕುತ್ತಿದ್ದಾರೆ. ನನ್ನ ವಿವರ ಬರೆದು ಕಳಿಸುವ ಹಾಳೆಯಲ್ಲಿ, ಓದು, ಉದ್ಯೋಗಕ್ಕೂ ಮೊದಲೇ, ಆಸ್ತಮಾ ಇದೆ, ಔಷಧಿ ನಡೆದಿದೆ ಎಂದು ನಾನೇ ಬರೆದಿದ್ದೇನೆ. ಧಾರವಾಡದಲ್ಲಿ ಅಮ್ಮ ಅದನ್ನು ಎರಡು ಸಲ ಹೊಡೆದು ಹಾಕಿದಳು. ನಾನು ಮೂರು ಸಲ ಬರೆದೆ. ಓದಿ ಹಿಂದೆ ಸರಿದವರು ಇದ್ದಾರೆ. ಅವರಿಗೆ ನಾನು ಥ್ಯಾಂಕ್ಸ್ ಹೇಳುತ್ತೇನೆ. ಒಂದು ಭಾನುವಾರದ ಉಪ್ಪಿಟ್ಟು ಉಳಿಯಿತು.

ಓದುಗರಲ್ಲಿ ಚೀನೀ ವೈದ್ಯವನ್ನು ಕ್ರಮವಾಗಿ ಕಲಿತವರು, ಆಯುರ್ವೇದ ಬಲ್ಲವರು, ಶ್ವಾಸಕೋಶದ ಡಾಕ್ಟರುಗಳು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. ಕಡ್ಡಿ, ಹುಳ ಎರಡನ್ನೂ ತೆಗೆದ ಮೇಲೆ ಆ ಸಾರಿನಲ್ಲಿ ಕೆಮ್ಮಿಗೆ ಆಗುವಂಥದ್ದು ಏನಾದರೂ ಉಳಿದಿರುತ್ತದೆಯೇ? ಇನ್‌ಹೇಲರ್ ಜೊತೆ ಯಾವುದು ಕೂಡದು? ನನ್ನಂತೆ ವರ್ಷಗಟ್ಟಲೆ ಕೆಮ್ಮಿದವರೂ ನಿಮಗೆ ಏನು ಆಯಿತು, ಏನು ಆಗಲಿಲ್ಲ ಎಂದು ತಾರೀಖು ಸಮೇತ ತಿಳಿಸಿ. ಮದುವೆಯಾಗುವವರೆಗೆ ಸುಮ್ಮನಿರು ಎನ್ನುವ ಸಲಹೆ ಈಗಾಗಲೇ ಬೇಕಾದಷ್ಟು ಬಂದಿದೆ, ಅದು ಬೇಡ. ಇನ್ನೊಂದು ಕೋರಿಕೆ. ಬರೆಯುವಾಗ ಹೆಸರು ಹಾಕಿಯೇ ಬರೆಯಿರಿ. ನಾನು ಹಾಕಿದ್ದೇನೆ.

ವತ್ಸಲಾ ಕಟ್ಟಿಮನಿ, ಹೋಬೋಕನ್